ಜೇನಿಗೆ ಸಕ್ಕರೆ ನಕಲಿ, ಸಕ್ಕರೆಗೆ ಸ್ಯಾಕ್ರಿನ್ ನಕಲಿ

ಆರೋಗ್ಯದ ಬಗ್ಗೆ ಒಂದು ಎಪಿಸೋಡ್ ಮಾಡಿದರೆ ಸಾಕು, ಮಾರನೇ ದಿನ ಮೆಸೇಜುಗಳ ಸುರಿಮಳೆ. ಅದರಲ್ಲಿ ಬಹಳಷ್ಟು ಜನ ಕೇಳೋದು ಒಂದೇ ಪ್ರಶ್ನೆ. 'ಸಾರ್, ನಂಗೆ ಶುಗರ್ ಇದೆ. ಸಕ್ಕರೆ ಬಿಟ್ಟು ವರ್ಷ ಆಯ್ತು. ಬೆಲ್ಲ ತಿನ್ನಬಹುದಲ್ವಾ? ಅದು ನ್ಯಾಚುರಲ್ ತಾನೇ?' ಇನ್ನೊಬ್ಬರದ್ದು, 'ಕಾಫಿಗೆ ಹಾಕೋ ಮಾತ್ರೆ ಬರೀ ಕೆಮಿಕಲ್ ಅಂತೆ, ಅದರ ಬದಲು ಸ್ಟೀವಿಯಾ ಹಾಕ್ಕೊಂಡ್ರೆ ನಡೆಯುತ್ತಾ? ಅದು ಗಿಡದ್ದು ಅಂತಾರಲ್ಲ.'

ನಾನು ಡಾಕ್ಟರ್ ಅಲ್ಲ. ಯಾರು ಏನು ತಿನ್ನಬೇಕು ಅಂತ ಹೇಳೋದು ನನ್ನ ಕೆಲಸವೂ ಅಲ್ಲ. ಆದರೆ ಈ ಪ್ರಶ್ನೆಗಳ ಒಳಗೆ ಎರಡು ಪದಗಳು ಗಟ್ಟಿಯಾಗಿ ಕೂತಿವೆ ನೋಡಿ, ಒಂದು ನ್ಯಾಚುರಲ್, ಇನ್ನೊಂದು ಆರ್ಟಿಫಿಶಿಯಲ್. ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೀವಿ. ಈ ಗೆರೆಯನ್ನ ಎಳೆದವರು ಯಾರು? ವಿಜ್ಞಾನಿಗಳೇ ಎಳೆದಿರಬೇಕು ಅಂತ ನೀವು ಅಂದುಕೊಂಡಿದ್ದರೆ, ಈ ಕಥೆಯನ್ನ ಪೂರ್ತಿ ಕೇಳಬೇಕು. ಯಾಕಂದ್ರೆ ಆ ಗೆರೆ ಎಳೆದವರಲ್ಲಿ ಬೀಟ್‌ರೂಟ್ ಬೆಳೆಯುವ ಜಮೀನ್ದಾರರಿದ್ದಾರೆ, ಒಬ್ಬ ಅಮೆರಿಕದ ಅಧ್ಯಕ್ಷ ಇದ್ದಾನೆ, ಸುಂಕದ ಕಟ್ಟೆಯ ಅಧಿಕಾರಿಗಳಿದ್ದಾರೆ, ದೊಡ್ಡ ದೊಡ್ಡ ವಕೀಲರಿದ್ದಾರೆ.

ಮೊದಲು ಸಕ್ಕರೆಯಿಂದಲೇ ಶುರು ಮಾಡೋಣ. ಅಲೆಕ್ಸಾಂಡರ್ ಇಂಡಿಯಾಕ್ಕೆ ಬಂದಾಗ ಅವನ ನೌಕಾಪಡೆಗೆ ನಿಯರ್ಕಸ್ ಅಂತ ಒಬ್ಬ ದಳಪತಿ ಇದ್ದ. ಇಲ್ಲಿ ಜೇನುನೊಣ ಇಲ್ಲದೇ ಜೇನು ಕೊಡುವ ಜೊಂಡು ಇದೆ ಅಂತ ಆತ ವರದಿ ಮಾಡಿದ್ದನ್ನ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ದಾಖಲಿಸಿದ್ದಾನೆ. ಆ ಜೊಂಡು ಅಂದ್ರೆ ನಮ್ಮ ಕಬ್ಬು. ಆಮೇಲೆ ಒಂದನೇ ಶತಮಾನದಲ್ಲಿ ಡಯಾಸ್ಕೊರಿಡೀಸ್ ಅನ್ನೋ ಗ್ರೀಕ್ ವೈದ್ಯ 'ಸಾಕ್ಖರಾನ್' ಅನ್ನೋ ಪದಾರ್ಥದ ಬಗ್ಗೆ ಬರೆದ. ಅವನ ಪ್ರಕಾರ ಅದು ಗಟ್ಟಿಯಾದ ಒಂದು ಬಗೆಯ ಜೇನು. ನಮ್ಮ ಶರ್ಕರವೇ ಅಲ್ಲಿ ಸಾಕ್ಖರಾನ್ ಆಯ್ತು, ಲ್ಯಾಟಿನ್‌ನಲ್ಲಿ ಸಕ್ಖರಮ್ ಆಯ್ತು, ಇಂಗ್ಲಿಷ್‌ನಲ್ಲಿ ಶುಗರ್ ಆಯ್ತು. ಕನ್ನಡದಲ್ಲಿ ಸಕ್ಕರೆ.

ಅಂದ್ರೆ ಏನಾಯ್ತು? ಯುರೋಪಿನವರ ಲೆಕ್ಕದಲ್ಲಿ ಅಸಲಿ ಸಿಹಿ ಅಂದ್ರೆ ಜೇನು. ಸಕ್ಕರೆ ಅನ್ನೋದು ನೊಣವೇ ಇಲ್ಲದ, ಜೊಂಡಿನಿಂದ ತೆಗೆದ ವಿಚಿತ್ರ ಜೇನು. ಅವರು ಅದನ್ನ ಅಡುಗೆಗೆ ಹಾಕುತ್ತಿರಲಿಲ್ಲ, ಔಷಧಿ ಅಂತ ಬಳಸುತ್ತಿದ್ದರು. ಇವತ್ತು ಸ್ಯಾಕ್ರಿನ್ ಅಂದ ಕೂಡಲೇ ನಾವು ಮೂಗು ಮುರೀತೀವಲ್ಲ, ಆ ಹೆಸರಿನ ಬೇರು ಇರೋದೂ ಇದೇ ಶರ್ಕರದಲ್ಲಿ. ಟಾರಿನಿಂದ ಹುಟ್ಟಿದ ಕೂಸಿಗೆ ಸಂಸ್ಕೃತದ ಹೆಸರು!

ಈಗ ಜರ್ಮನಿಗೆ ಹೋಗೋಣ. 1747ರಲ್ಲಿ ಬರ್ಲಿನ್‌ನಲ್ಲಿ ಮಾರ್ಗ್ರಾಫ್ ಅನ್ನೋ ರಸಾಯನಶಾಸ್ತ್ರಜ್ಞ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆದು ತೋರಿಸಿದ. ಕಬ್ಬು ಬೇಕಿಲ್ಲ, ಉಷ್ಣವಲಯದ ವಸಾಹತು ಬೇಕಿಲ್ಲ. ಅವನ ಶಿಷ್ಯ ಆಕಾರ್ಡ್ ಕಾರ್ಖಾನೆಯನ್ನೇ ಹಾಕಿದ. ಇಂಗ್ಲೆಂಡ್ ಜೊತೆ ನೆಪೋಲಿಯನ್ ಯುದ್ಧಕ್ಕಿಳಿದು ಕೆರಿಬಿಯನ್ ಸಕ್ಕರೆ ಬರೋದು ನಿಂತಾಗ ಅವನು ಬೀಟ್ ಬೆಳೆಯೋದಕ್ಕೆ ಆದೇಶ ಕೊಟ್ಟ. ಮುಂದಿನ ನೂರು ವರ್ಷದಲ್ಲಿ ಜರ್ಮನಿ, ಆಸ್ಟ್ರಿಯಾ ಎಲ್ಲ ಬೀಟ್ ಸಕ್ಕರೆಯ ದೈತ್ಯರಾದವು. ಸರ್ಕಾರ ರಫ್ತಿಗೆ ದುಡ್ಡು ಕೊಡುತ್ತಿತ್ತು, ಹಾಗಾಗಿ ಸಕ್ಕರೆಯನ್ನ ಹೊರದೇಶದಲ್ಲಿ ಮಣ್ಣಿನ ಬೆಲೆಗೆ ಸುರಿಯುತ್ತಿದ್ದರು.

ಎಲ್ಲಿಗೆ ಬಂತು ಗೊತ್ತಾ ಆ ಸಕ್ಕರೆ? ಇಂಡಿಯಾಕ್ಕೆ. ಕಬ್ಬನ್ನ ಜಗತ್ತಿಗೆ ಪರಿಚಯಿಸಿದ ದೇಶಕ್ಕೇ ಜರ್ಮನಿಯ ಗೆಡ್ಡೆ ಸಕ್ಕರೆ ಬಂದು ಬಿತ್ತು. 1899ರಲ್ಲಿ ವೈಸ್‌ರಾಯ್ ಕರ್ಜನ್‌ನ ಸರ್ಕಾರವೇ ಇದರ ಮೇಲೆ ಪ್ರತಿಸುಂಕ ಹಾಕಬೇಕಾಯ್ತು. ಕೆಲವೇ ವರ್ಷಕ್ಕೆ ಸ್ವದೇಶಿ ಚಳವಳಿ ಬಂತು. ವಿದೇಶಿ ಬಟ್ಟೆ ಸುಟ್ಟಿದ್ದು ನಮಗೆಲ್ಲ ಗೊತ್ತು. ವಿದೇಶಿ ಸಕ್ಕರೆಯನ್ನೂ ಬಹಿಷ್ಕಾರ ಮಾಡಿದ್ದರು. ಅದರಲ್ಲಿ ಪ್ರಾಣಿಗಳ ಮೂಳೆ ಬಳಸ್ತಾರೆ, ಮುಟ್ಟಬೇಡಿ ಅನ್ನೋ ಪ್ರಚಾರ ಜೋರಾಗಿ ನಡೆದಿತ್ತು. ಸುಳ್ಳೇನಲ್ಲ. ರಿಫೈನರಿಗಳಲ್ಲಿ ಸಕ್ಕರೆ ಪಾಕವನ್ನ ಬಿಳಿ ಮಾಡೋಕೆ ಮೂಳೆ ಇದ್ದಿಲಿನಲ್ಲಿ ಸೋಸುತ್ತಿದ್ದರು. ಆ ಹೊತ್ತಿಗೆ ನಮ್ಮವರ ಕಣ್ಣಲ್ಲಿ ಶುದ್ಧ ಬಿಳಿ ಸಕ್ಕರೆಯೇ ಅಶುದ್ಧ.

ಸ್ಯಾಕ್ರಿನ್ ಹುಟ್ಟಿದ್ದು ಇದೇ ಸಕ್ಕರೆ ಯುದ್ಧದ ಕಾಲದಲ್ಲಿ. ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಅನ್ನೋ ರಷ್ಯಾ ಮೂಲದ ರಸಾಯನಶಾಸ್ತ್ರಜ್ಞನನ್ನ ಬಾಲ್ಟಿಮೋರ್‌ನ ಒಂದು ಆಮದು ಕಂಪನಿ ಕೆಲಸಕ್ಕೆ ಕರೆಸಿಕೊಳ್ತು. ಯಾವ ಕೆಲಸಕ್ಕೆ? ಸಕ್ಕರೆಯ ಶುದ್ಧತೆ ಪರೀಕ್ಷೆ ಮಾಡೋದಕ್ಕೆ. ಆ ಕಂಪನಿಯ ಸಕ್ಕರೆಯನ್ನ ಸರ್ಕಾರ ತಡೆಹಿಡಿದಿತ್ತು, ತಜ್ಞನ ಸಾಕ್ಷಿ ಬೇಕಿತ್ತು. ಆ ಪರೀಕ್ಷೆಗೆ ಅವನಿಗೆ ಲ್ಯಾಬ್ ಸಿಕ್ಕಿದ್ದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಇರಾ ರೆಮ್ಸೆನ್ ಅನ್ನೋ ಪ್ರೊಫೆಸರ್ ಹತ್ತಿರ. ಸಕ್ಕರೆ ಕೆಲಸ ಮುಗಿದ ಮೇಲೂ ಫಾಲ್‌ಬರ್ಗ್ ಅಲ್ಲೇ ಉಳಿದ, ಕಲ್ಲಿದ್ದಲ ಟಾರಿನಿಂದ ಬರುವ ಸಂಯುಕ್ತಗಳ ಮೇಲೆ ಕೆಲಸ ಮಾಡಿದ. ಒಂದು ರಾತ್ರಿ ಊಟಕ್ಕೆ ಕೂತು ಬ್ರೆಡ್ ಕಚ್ಚಿದರೆ ಸಿಹಿಯೋ ಸಿಹಿ. ಕೈ ತೊಳೆದಿರಲಿಲ್ಲ ಪುಣ್ಯಾತ್ಮ! ಲ್ಯಾಬಿಗೆ ಓಡಿ ಬಂದು ಮೇಜಿನ ಮೇಲಿದ್ದ ಪಾತ್ರೆಗಳನ್ನೆಲ್ಲ ಒಂದೊಂದಾಗಿ ನೆಕ್ಕಿ ನೋಡಿದೆ ಅಂತ ಅವನೇ ಮುಂದೆ ಹೇಳಿಕೊಂಡಿದ್ದಾನೆ. ಇವತ್ತು ಯಾವುದಾದರೂ ವಿದ್ಯಾರ್ಥಿ ಹೀಗೆ ಮಾಡಿದರೆ ಲ್ಯಾಬಿನಿಂದ ಆಚೆ ಹಾಕ್ತಾರೆ.

1879ರಲ್ಲಿ ಸಂಶೋಧನೆ ಪ್ರಕಟವಾದಾಗ ಇಬ್ಬರ ಹೆಸರೂ ಇತ್ತು. ಆಮೇಲೆ ಪೇಟೆಂಟ್ ತೆಗೆದುಕೊಂಡಾಗ ರೆಮ್ಸೆನ್ ಹೆಸರು ಮಾಯ. ಪ್ರೊಫೆಸರ್‌ಗೆ ದುಡ್ಡಿನ ಆಸೆ ಇರಲಿಲ್ಲ, ಆದರೆ ಆ ಅವಮಾನವನ್ನ ಅವರು ಮರೆಯಲಿಲ್ಲ. ಈ ರೆಮ್ಸೆನ್ ಹೆಸರನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಫಾಲ್‌ಬರ್ಗ್ ಕಾರ್ಖಾನೆ ಹಾಕಿದ್ದು ಜರ್ಮನಿಯ ಮಾಗ್ಡೆಬರ್ಗ್ ಹತ್ತಿರ. ಬೀಟ್ ಸಕ್ಕರೆಯ ರಾಜಧಾನಿಯೇ ಆ ಊರು. ಹುಲಿಯ ಗುಹೆ ಬಾಗಿಲಲ್ಲೇ ಬಿಡಾರ ಹೂಡಿದ ಹಾಗಾಯ್ತು. ಸಕ್ಕರೆಗಿಂತ ನೂರಾರು ಪಟ್ಟು ಸಿಹಿ, ಬೆಲೆ ಅಗ್ಗ, ಸಕ್ಕರೆಗೆ ಇದ್ದ ತೆರಿಗೆ ಇದಕ್ಕಿಲ್ಲ. ಬಡವರು ಕೊಂಡರು, ಮಿಠಾಯಿಯವರು ಕೊಂಡರು, ಸೋಡಾ ಮಾಡೋರು ಕೊಂಡರು. ಬೀಟ್ ಜಮೀನ್ದಾರರು, ಸಕ್ಕರೆ ಗಿರಣಿ ಮಾಲೀಕರು ಸುಮ್ಮನಿರ್ತಾರಾ? 1902ರಲ್ಲಿ ಕಾನೂನೇ ಬಂತು. ಸ್ಯಾಕ್ರಿನ್ ಇನ್ನು ಮೇಲೆ ಔಷಧಿ ಅಂಗಡಿಯಲ್ಲಿ ಮಾತ್ರ, ಡಾಕ್ಟರ್ ಚೀಟಿ ಇದ್ದವರಿಗೆ ಮಾತ್ರ. ಅಂದ್ರೆ ಸಕ್ಕರೆಗೆ ಒಂದು ಕಾಲದಲ್ಲಿ ಯುರೋಪ್ ಕೊಟ್ಟಿದ್ದ ಜಾಗವನ್ನೇ, ಔಷಧಿ ಡಬ್ಬಿಯನ್ನೇ, ಈಗ ಸಕ್ಕರೆಯವರು ಸ್ಯಾಕ್ರಿನ್‌ಗೆ ತೋರಿಸಿದರು.

ಸ್ವಿಟ್ಜರ್‌ಲೆಂಡ್‌ನಲ್ಲಿ ಮಾತ್ರ ಅದು ಕಾನೂನುಬದ್ಧವಾಗಿಯೇ ಉಳೀತು. ಸರಿ, ಗಡಿ ದಾಟಿಸೋ ದಂಧೆ ಶುರು. ಚಿನ್ನ ಸಾಗಿಸೋ ಹಾಗೆ ಬಟ್ಟೆಯೊಳಗೆ ಹೊಲಿದುಕೊಂಡು ಸ್ಯಾಕ್ರಿನ್ ಸಾಗಿಸುತ್ತಿದ್ದರು. ವಿಷ ಅಂತ ಯಾರೂ ಅದನ್ನ ಹಿಡಿಯಲಿಲ್ಲ, ಸುಂಕದವರು ಹಿಡಿದಿದ್ದು ತೆರಿಗೆ ಖೋತಾ ಆಗುತ್ತೆ ಅಂತ.

ಇನ್ನು ಅಮೆರಿಕ. ಇಲ್ಲಿ ನಡೆದ ಕಥೆ ನನಗೆ ಎಷ್ಟು ಇಷ್ಟ ಅಂದ್ರೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಹಾರ್ವೆ ವೈಲಿ ಅಂತ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ. ಕಲಬೆರಕೆ ವಿರುದ್ಧ ಜೀವನಪೂರ್ತಿ ಹೋರಾಡಿದ ಮನುಷ್ಯ. 1906ರಲ್ಲಿ ಅಮೆರಿಕಕ್ಕೆ ಮೊದಲ ಆಹಾರ ಶುದ್ಧತೆ ಕಾನೂನು ಬಂದಿದ್ದರ ಹಿಂದೆ ಇದ್ದಿದ್ದು ಇವನೇ. ಪ್ರಾಮಾಣಿಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇನ್ನೊಂದು ವಿಷಯವೂ ಇದೆ. ಅವನ ಅರ್ಧ ವೃತ್ತಿಜೀವನ ಕಳೆದಿದ್ದು ಜೋಳದ ದಂಟಿನಿಂದ, ಬೀಟ್‌ನಿಂದ ಸಕ್ಕರೆ ತೆಗೆಯೋದು ಹೇಗೆ ಅನ್ನೋ ಪ್ರಯೋಗಗಳಲ್ಲಿ. ಸಕ್ಕರೆಯ ಮನುಷ್ಯ ಅವನು.

ಶ್ವೇತಭವನದಲ್ಲಿ ಸಭೆ. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಕೂತಿದ್ದಾನೆ. ಆಹಾರ ಉದ್ಯಮಿಗಳು ಬಂದಿದ್ದಾರೆ. ಅವರಲ್ಲಿ ಜೇಮ್ಸ್ ಶೆರ್ಮನ್, ಸಂಸದ, ಮುಂದೆ ಉಪಾಧ್ಯಕ್ಷನೂ ಆದ, ಅವನ ಕುಟುಂಬದ್ದೇ ಡಬ್ಬಿ ಆಹಾರದ ವ್ಯವಹಾರ. ನಾವು ಡಬ್ಬಿಯ ಜೋಳಕ್ಕೆ ಸಕ್ಕರೆ ಬದಲು ಸ್ಯಾಕ್ರಿನ್ ಹಾಕಿ ವರ್ಷಕ್ಕೆ ಸಾವಿರಾರು ಡಾಲರ್ ಉಳಿಸ್ತಿದ್ದೀವಿ ಅಂತ ಶೆರ್ಮನ್ ಹೇಳಿದ. ವೈಲಿಗೆ ತಡೆಯೋಕಾಗಲಿಲ್ಲ. ಅಧ್ಯಕ್ಷ ಕೇಳುವ ಮೊದಲೇ ಬಾಯಿ ಹಾಕಿದ. ಆ ಜೋಳ ತಿಂದವರೆಲ್ಲ ಮೋಸ ಹೋಗಿದ್ದಾರೆ, ಸಕ್ಕರೆ ಅಂದುಕೊಂಡು ಕಲ್ಲಿದ್ದಲ ಟಾರು ತಿಂದಿದ್ದಾರೆ, ಪೌಷ್ಟಿಕಾಂಶ ಸೊನ್ನೆ, ಆರೋಗ್ಯಕ್ಕೂ ಹಾನಿ ಅಂತ ಹೇಳಿಬಿಟ್ಟ.

ರೂಸ್‌ವೆಲ್ಟ್ ಕೆರಳಿದ. ನನ್ನ ಡಾಕ್ಟರ್ ರಿಕ್ಸಿ ನನಗೆ ದಿನಾ ಕೊಡ್ತಾರೆ, ಇದು ಹಾನಿ ಅನ್ನೋನು ಮೂರ್ಖ ಅನ್ನೋ ಅರ್ಥದ ಮಾತಾಡಿ ಸಭೆ ಮುಗಿಸಿದ. ಇದನ್ನೆಲ್ಲ ವೈಲಿಯೇ ಆಮೇಲೆ ಬರೆದುಕೊಂಡಿದ್ದಾನೆ. ಅಧ್ಯಕ್ಷನ ಕಾಫಿ ಲೋಟದ ಬಗ್ಗೆ ಮಾತಾಡಿ ಒಬ್ಬ ಅಧಿಕಾರಿ ತನ್ನ ಪ್ರಭಾವವನ್ನೇ ಕಳೆದುಕೊಂಡ.

ಸ್ವಲ್ಪ ದಿನಕ್ಕೇ, 1908ರಲ್ಲಿ, ವೈಲಿಯ ತಲೆ ಮೇಲೆ ಒಂದು ತಜ್ಞರ ಸಮಿತಿ ಕೂತಿತು. ಅದರ ಅಧ್ಯಕ್ಷ ಯಾರು ಗೊತ್ತಾ? ಅದೇ ಇರಾ ರೆಮ್ಸೆನ್! ಸ್ಯಾಕ್ರಿನ್ ಹುಟ್ಟಿದ ಲ್ಯಾಬಿನ ಯಜಮಾನ. ನಮ್ಮ ಕಡೆ ಹೀಗಾಗಿದ್ದರೆ ನಾನೇ ಒಂದು ಗಂಟೆ ಡಿಬೇಟ್ ಇಡುತ್ತಿದ್ದೆ.

ಆದರೆ ಸಮಿತಿ ಕೊಟ್ಟ ವರದಿ ಯಾರೂ ಊಹಿಸಿದ ಹಾಗಿರಲಿಲ್ಲ. ದಿನಕ್ಕೆ 0.3 ಗ್ರಾಂ ಒಳಗೆ ತಿಂದರೆ ಏನೂ ಹಾನಿಯಿಲ್ಲ ಅಂದರು. ಅದಕ್ಕಿಂತ ಬಹಳ ಜಾಸ್ತಿಯಾದರೆ ಜೀರ್ಣಕ್ಕೆ ತೊಂದರೆಯಾಗಬಹುದು ಅಂದರು. ಅದರ ಜೊತೆ ಇನ್ನೊಂದು ಮಾತು ಸೇರಿಸಿದರು. ಸಕ್ಕರೆ ಇರಬೇಕಾದ ಜಾಗದಲ್ಲಿ ಸ್ಯಾಕ್ರಿನ್ ಹಾಕಿದರೆ ಆಹಾರದ ಗುಣಮಟ್ಟ ಇಳಿಯುತ್ತೆ. ಸರ್ಕಾರ ಹಿಡಿದುಕೊಂಡಿದ್ದು ಇದೇ ಎಳೆಯನ್ನ. 1911ರಲ್ಲಿ ನಿರ್ಧಾರ ಬಂತು, 1912ರಿಂದ ಜಾರಿ. ಸಾಮಾನ್ಯ ಆಹಾರದಲ್ಲಿ ಸ್ಯಾಕ್ರಿನ್ ಅಂದ್ರೆ ಕಲಬೆರಕೆ. ರೋಗಿಗಳಿಗೆ ಅಂತ ಮಾಡಿದ ಆಹಾರದಲ್ಲಿ ಹಾಕಬಹುದು.

ಇಲ್ಲಿ ಒಂದು ನಿಮಿಷ ನಿಲ್ಲಿ. ಕ್ಯಾಲರಿ ಇಲ್ಲ ಅನ್ನೋದೇ ಇವತ್ತು ಈ ಸಿಹಿಗಳ ದೊಡ್ಡ ಜಾಹೀರಾತು. ನೂರು ವರ್ಷದ ಹಿಂದೆ ಅದೇ ಅವುಗಳ ಅಪರಾಧವಾಗಿತ್ತು. ಹೊಟ್ಟೆ ತುಂಬದ ಜನರ ಕಾಲ ಅದು. ದುಡ್ಡು ತಗೊಂಡು ಶಕ್ತಿ ಕೊಡದ ಪದಾರ್ಥ ಕೊಟ್ಟರೆ ಬಡವನ ಹೊಟ್ಟೆಗೆ ಹೊಡೆದ ಹಾಗೆ. ಆ ದೃಷ್ಟಿಯಲ್ಲಿ ವೈಲಿ ಹೇಳಿದ್ದು ತಪ್ಪಲ್ಲ ಅಂತಲೇ ನನ್ನ ಅಭಿಪ್ರಾಯ. ತಿನ್ನೋನಿಗೆ ತಾನು ಏನು ತಿಂತಿದ್ದೀನಿ ಅಂತ ಗೊತ್ತಿರಬೇಕು ಅಂತ ಅವನು ಹಿಡಿದ ಹಠ ಇವತ್ತಿಗೂ ಬೇಕಾದದ್ದು.

ಮೊದಲ ಮಹಾಯುದ್ಧ ಬಂತು, ಸಕ್ಕರೆಗೆ ಬರ ಬಂತು. ನಿನ್ನೆವರೆಗೂ ನಕಲಿ ಅಂತಿದ್ದ ಸ್ಯಾಕ್ರಿನ್‌ಗೆ ಜರ್ಮನಿ ಸರ್ಕಾರವೇ ಬಾಗಿಲು ತೆಗೀತು. ಅಮೆರಿಕದಲ್ಲೂ ಬಳಕೆ ಏರಿತು. ಯುದ್ಧ ಮುಗಿದ ಮೇಲೆ ಮತ್ತೆ ಬಿಗಿ, ಮತ್ತೆ ಸಡಿಲ. 1937ರಲ್ಲಿ ಸೈಕ್ಲಮೇಟ್ ಅನ್ನೋ ಇನ್ನೊಂದು ಸಿಹಿ ಸಿಕ್ತು, 1969ರಲ್ಲಿ ಇಲಿಗಳ ಪ್ರಯೋಗ ನೋಡಿ ಅಮೆರಿಕ ಅದನ್ನ ನಿಷೇಧಿಸ್ತು. 1977ರಲ್ಲಿ ಕೆನಡಾದ ಇಲಿ ಪ್ರಯೋಗ ನೋಡಿ ಸ್ಯಾಕ್ರಿನ್ ಕೂಡ ಕ್ಯಾನ್ಸರ್ ತರುತ್ತೆ, ನಿಷೇಧಿಸ್ತೀವಿ ಅಂದರು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಮಧುಮೇಹಿಗಳು, ಡಯಟ್ ಮಾಡೋರು ರೊಚ್ಚಿಗೆದ್ದರು, ಸಂಸತ್ತಿಗೆ ಪತ್ರಗಳ ಪ್ರವಾಹ ಹರೀತು. ಸಂಸತ್ತು ನಿಷೇಧ ತಡೆದು ಒಂದು ಎಚ್ಚರಿಕೆಯ ಚೀಟಿ ಅಂಟಿಸ್ತು. ಆ ಚೀಟಿ ಹೋಗಿದ್ದು 2000ದಲ್ಲಿ, ಇಲಿಯ ಮೂತ್ರಕೋಶದಲ್ಲಿ ಆಗೋದು ಮನುಷ್ಯನಲ್ಲಿ ಹಾಗೆ ಆಗಲ್ಲ ಅಂತ ಗೊತ್ತಾದ ಮೇಲೆ. ತಮಾಷೆ ಏನು ಗೊತ್ತಾ? ಅಮೆರಿಕ ಸೈಕ್ಲಮೇಟ್ ಬಿಟ್ಟು ಸ್ಯಾಕ್ರಿನ್ ಉಳಿಸಿಕೊಳ್ತು, ಪಕ್ಕದ ಕೆನಡಾ ಸ್ಯಾಕ್ರಿನ್ ಬಿಟ್ಟು ಸೈಕ್ಲಮೇಟ್ ಉಳಿಸಿಕೊಳ್ತು. 'ಸ್ವೀಟ್ ಎನ್ ಲೋ' ಅನ್ನೋ ಗುಲಾಬಿ ಪೊಟ್ಟಣ ಎರಡೂ ಕಡೆ ಸಿಗುತ್ತಿತ್ತು. ಗಡಿ ದಾಟಿದರೆ ಒಳಗಿನ ಪುಡಿ ಬೇರೆ!

ಇದೆಲ್ಲ ಕೆಮಿಕಲ್ ಕಥೆ, ಸ್ಟೀವಿಯಾ ಗಿಡವಲ್ವಾ ಅಂತ ಕೇಳ್ತೀರಿ. ಬನ್ನಿ, ಅಲ್ಲಿಗೇ ಬಂದೆ.

ಪರಾಗ್ವೆಯ ಗುವಾರನಿ ಬುಡಕಟ್ಟಿನ ಜನ ತಲೆತಲಾಂತರದಿಂದ ಬಳಸುತ್ತಿದ್ದ ಎಲೆ ಅದು. ಅವರ ಭಾಷೆಯಲ್ಲಿ ಸಿಹಿ ಸೊಪ್ಪು ಅಂತಲೇ ಹೆಸರು. 1899ರಲ್ಲಿ ಮೋಸೆಸ್ ಬೆರ್ಟೋನಿ ಅನ್ನೋ ಸಸ್ಯಶಾಸ್ತ್ರಜ್ಞ ಹೊರಜಗತ್ತಿಗೆ ವಿವರಿಸಿದ. 1970ರ ದಶಕದಲ್ಲಿ ಜಪಾನ್ ದೊಡ್ಡ ಮಟ್ಟದಲ್ಲಿ ಬಳಸಿತು. ಅಮೆರಿಕ ಮಾತ್ರ 1991ರಲ್ಲಿ, ಇದರ ಸುರಕ್ಷತೆಗೆ ಸಾಕ್ಷಿ ಸಾಲದು ಅಂತ ಆಮದಿಗೇ ತಡೆ ಹಾಕ್ತು. ಅದರ ಬೆನ್ನಲ್ಲೇ 1994ರಲ್ಲಿ ಪೂರಕ ಆಹಾರಗಳಿಗೆ ಒಂದು ಹೊಸ ಕಾನೂನು ಬಂತು. ಅದರ ಪ್ರಕಾರ ಏನಾಯ್ತು ಅಂದ್ರೆ, ಇದೇ ಎಲೆಯನ್ನ 'ಪೂರಕ ಆಹಾರ' ಅಂತ ಚೀಟಿ ಅಂಟಿಸಿ ಮಾರಬಹುದು, 'ಸಿಹಿಗೆ ಬಳಸಿ' ಅಂತ ಬರೆದರೆ ಅಪರಾಧ! ಎಲೆ ಅದೇ, ರುಚಿ ಅದೇ, ಒಂದು ಪದದಲ್ಲಿ ನ್ಯಾಯ ಅನ್ಯಾಯ.

2008ರ ಕೊನೆಯಲ್ಲಿ ಬಾಗಿಲು ತೆರೀತು. ದೊಡ್ಡ ಕಂಪನಿಗಳು ಎಲೆಯೊಳಗಿನ ರೆಬೌಡಿಯೋಸೈಡ್ ಎ ಅನ್ನೋ ಅಂಶವನ್ನ ಬೇರ್ಪಡಿಸಿ, ಶುದ್ಧ ಮಾಡಿ ತಂದಾಗ ಅಲ್ಲಿನ ಎಫ್‌ಡಿಎ ತಕರಾರು ತೆಗೆಯಲಿಲ್ಲ. ಬಿಸಿನೀರಲ್ಲಿ ನೆನೆಸಿ, ಸೋಸಿ, ಆಲ್ಕೋಹಾಲಿನಲ್ಲಿ ಹರಳುಗಟ್ಟಿಸಿ ತೆಗೆದ ಬಿಳಿ ಪುಡಿಗೆ ಒಪ್ಪಿಗೆ. ಗುವಾರನಿ ಅಜ್ಜಿ ಹಿತ್ತಿಲಿನಿಂದ ಕಿತ್ತು ತರೋ ಹಸಿ ಎಲೆಗೆ ಸಿಹಿಕಾರಕ ಅಂತ ಒಪ್ಪಿಗೆ ಇಲ್ಲ. ಪ್ರಕೃತಿಗೆ ಹತ್ತಿರ ಇದ್ದಿದ್ದು ಹೊರಗೆ ಉಳೀತು. ಕಾರ್ಖಾನೆಯಿಂದ ಬಂದಿದ್ದು ನ್ಯಾಚುರಲ್ ಅಂತ ಹಸಿರು ಪ್ಯಾಕೆಟ್ಟಿನಲ್ಲಿ ಒಳಗೆ ಬಂತು. ಈಗೀಗ ಗಿಡವೂ ಬೇಡ, ಈಸ್ಟ್‌ಗೆ ತಳಿ ತಿದ್ದುಪಡಿ ಮಾಡಿ ತೊಟ್ಟಿಯಲ್ಲಿ ಹುದುಗಿಸಿ ಅದೇ ಅಣುವನ್ನ ತಯಾರಿಸ್ತಾರೆ. ಅದನ್ನ ಯಾವ ಪಟ್ಟಿಗೆ ಸೇರಿಸ್ತೀರಿ?

ಕೋರ್ಟಿಗೂ ಹೋಗಿದೆ ಈ ಜಗಳ. ಸುಕ್ರಲೋಸ್ ಕಥೆಯಲ್ಲಿ ನಮ್ಮವನೊಬ್ಬ ಇದ್ದಾನೆ, ಶಶಿಕಾಂತ್ ಫಡ್ನಿಸ್. 1976ರಲ್ಲಿ ಲಂಡನ್‌ನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಸಂಶೋಧಕ. ಪ್ರೊಫೆಸರ್ ಲೆಸ್ಲಿ ಹಫ್ 'ಟೆಸ್ಟ್ ಮಾಡು' ಅಂದರೆ ಇವನ ಕಿವಿಗೆ ಬಿದ್ದಿದ್ದು 'ಟೇಸ್ಟ್ ಮಾಡು'. ನಾಲಿಗೆಗೆ ಇಟ್ಟೇ ಬಿಟ್ಟ. ಸಕ್ಕರೆಯ ಅಣುವಿಗೆ ಕ್ಲೋರಿನ್ ಸೇರಿಸಿದ ಆ ಪದಾರ್ಥ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಆ ಸಂಶೋಧನೆಗೆ ಜೊತೆಯಾಗಿದ್ದು ಟೇಟ್ ಅಂಡ್ ಲೈಲ್ ಅನ್ನೋ ಸಕ್ಕರೆ ಕಂಪನಿಯೇ. ಮುಂದೆ ಇದನ್ನ ಸಕ್ಕರೆಯಿಂದ ಮಾಡಿದ್ದು ಅಂತ ಅಮೆರಿಕದಲ್ಲಿ ಜಾಹೀರಾತು ಕೊಟ್ಟಾಗ ಕೇಸ್ ಹಾಕಿದವರಲ್ಲಿ ಆಸ್ಪರ್ಟೇಮ್ ಮಾರೋ ಕಂಪನಿಯೂ ಇತ್ತು. ನನ್ನದೂ ಕೃತಕ, ನಿನ್ನದೂ ಕೃತಕ, ನೀನು ಯಾಕೆ ಸಹಜ ಅಂತ ವೇಷ ಹಾಕ್ತೀಯಾ ಅಂತ. 2007ರಲ್ಲಿ ಫಿಲಡೆಲ್ಫಿಯಾದಲ್ಲಿ ವಿಚಾರಣೆ ನಡೆದು ಕೊನೇ ಗಳಿಗೆಯಲ್ಲಿ ರಾಜಿಯಾಯ್ತು.

ನಮ್ಮ ಮನೆಗೆ ಬರೋಣ. 1932ರಲ್ಲಿ ಜಾವಾ ಸಕ್ಕರೆಯಿಂದ ದೇಶೀ ಉದ್ಯಮ ಉಳಿಸಲು ಬ್ರಿಟಿಷ್ ಇಂಡಿಯಾದಲ್ಲಿ ರಕ್ಷಣಾ ಸುಂಕದ ಕಾನೂನು ಬಂತು. ದೇಶದ ತುಂಬ ಗಿರಣಿಗಳು ಎದ್ದವು. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದಿದ್ದರಿಂದ ಮಂಡ್ಯದಲ್ಲಿ ಕಬ್ಬು ಬಂತು, ಮೈಸೂರಿನ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಮಂಡ್ಯದ ರೈತನಿಗೆ ಅದು ಬದುಕು ಕೊಟ್ಟ ಗಿರಣಿ. ಆದರೆ ಅದೇ ಹೊತ್ತಲ್ಲಿ ಗಾಂಧೀಜಿ ಗಿರಣಿಯ ಬಿಳಿ ಸಕ್ಕರೆ ಬಿಡಿ, ಬೆಲ್ಲ ತಿನ್ನಿ ಅಂತ ಗ್ರಾಮೋದ್ಯೋಗದ ಪ್ರಚಾರ ಮಾಡುತ್ತಿದ್ದರು. ನಮ್ಮಲ್ಲಿ ಬಿಳಿ ಸಕ್ಕರೆಯೇ ಕೃತಕ, ಬೆಲ್ಲವೇ ಸಹಜ ಅನ್ನೋ ಭಾವನೆ ಅಷ್ಟು ಹಳೆಯದು. ಹಳ್ಳಿ ಸಂತೆಯಲ್ಲಿ ಕೆಂಪು ಐಸ್‌ಕ್ಯಾಂಡಿ ಚೀಪಿದ ನಮ್ಮ ತಲೆಮಾರಿಗೆ ಸ್ಯಾಕ್ರಿನ್ ಅಂದ್ರೆ ಅಮ್ಮನ ಬೈಗುಳ. ಸಕ್ಕರೆ ಅಂದ್ರೆ ಮಾತ್ರ ಹಬ್ಬ.

ಆದರೆ ಮಧುಮೇಹ ಇರೋರು ಇದನ್ನ ಕೇಳಿಸಿಕೊಳ್ಳಲೇಬೇಕು. ಬೆಲ್ಲದ ಬಹುಪಾಲು ಸಕ್ಕರೆಯೇ, ಸುಕ್ರೋಸ್. ಕಬ್ಬಿಣಾಂಶ ಇದೆ, ಖನಿಜ ಇದೆ, ಒಪ್ಪಿದೆ. ನಿಮ್ಮ ರಕ್ತಕ್ಕೆ ಹೋಗೋದು ಮಾತ್ರ ಅದೇ ಗ್ಲೂಕೋಸ್. ಜೇನಿನದ್ದೂ ಅದೇ ಕಥೆ. ಇನ್ನು ಹೊಳೆಯೋ ಹಳದಿ ಬೆಲ್ಲ ಇದೆಯಲ್ಲ, ಗಿರಾಕಿ ಅದನ್ನೇ ಕೇಳ್ತಾನೆ ಅಂತ ಆಲೆಮನೆಗಳಲ್ಲಿ ಹೈಡ್ರೋಸ್ ಹಾಕಿ ಬಣ್ಣ ತಿಳಿ ಮಾಡ್ತಾರೆ. ಸಹಜ ಬೆಲ್ಲ ಕಪ್ಪಗಿರುತ್ತೆ, ಸಂತೆಯಲ್ಲಿ ಅದಕ್ಕೆ ರೇಟು ಕಡಿಮೆ. ಐಸಿಎಂಆರ್ ನೇತೃತ್ವದ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ಈ ದೇಶದಲ್ಲಿ ಮಧುಮೇಹ ಇರೋರು 10.1 ಕೋಟಿ. ಅಷ್ಟು ಜನರಲ್ಲಿ ಎಷ್ಟೋ ಮಂದಿ ಸಹಜ ಅನ್ನೋ ಒಂದು ಪದ ನಂಬಿಕೊಂಡು ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಳ್ತಾರೆ. ನನ್ನ ಆತಂಕ ಅದು.

ಅದೇ 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಮಾರ್ಗಸೂಚಿ ಹೊರಡಿಸಿತು. ತೂಕ ಇಳಿಸೋದಕ್ಕೆ ಅಂತ ಸಕ್ಕರೆಯಲ್ಲದ ಸಿಹಿಕಾರಕಗಳನ್ನ ನಂಬಿಕೊಳ್ಳಬೇಡಿ ಅಂದಿತು. ಆ ಪಟ್ಟಿಯಲ್ಲಿ ಸ್ಯಾಕ್ರಿನ್ ಇದೆ, ಆಸ್ಪರ್ಟೇಮ್ ಇದೆ, ಸುಕ್ರಲೋಸ್ ಇದೆ, ಪಕ್ಕದಲ್ಲೇ ಸ್ಟೀವಿಯಾ ಕೂಡ ಇದೆ. ಸಹಜ, ಕೃತಕ ಅಂತ ಭೇದವನ್ನೇ ಮಾಡಲಿಲ್ಲ. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸಲ್ಲ ಅಂತಲೂ ಅದರಲ್ಲೇ ಬರೆದಿದೆ. ಈ ಸಾಲನ್ನ ಎಷ್ಟು ಚಾನೆಲ್‌ಗಳು ಓದಿದವು? ಎರಡು ತಿಂಗಳಿಗೆ ಆಸ್ಪರ್ಟೇಮ್ ಬಗ್ಗೆ ಇನ್ನೊಂದು ಸುದ್ದಿ ಬಂತು, ಕ್ಯಾನ್ಸರ್ ತರುವ ಸಾಧ್ಯತೆ ಇರುವ ಪಟ್ಟಿಗೆ ಸೇರಿಸಿದ್ದಾರೆ ಅಂತ. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂವರೆಗೆ ಅನ್ನೋ ಹಳೆಯ ಮಿತಿಯನ್ನ ಅದೇ ದಿನ ಹಾಗೇ ಉಳಿಸಿದ್ದರು. ಬ್ರೇಕಿಂಗ್ ಆಗಿದ್ದು ಮೊದಲಿನ ಅರ್ಧ ಮಾತ್ರ.

ಮೊನ್ನೆ ಅಂಗಡಿಯಲ್ಲಿ ಒಂದು ಸ್ಟೀವಿಯಾ ಡಬ್ಬಿ ಕೈಗೆತ್ತಿಕೊಂಡೆ. ಮುಂದೆ ಎರಡು ಹಸಿರು ಎಲೆ, ದಪ್ಪಕ್ಷರದಲ್ಲಿ ನ್ಯಾಚುರಲ್. ತಿರುಗಿಸಿ ಸಣ್ಣಕ್ಷರ ಓದಿದರೆ ಮೊದಲು ಬರೆದಿರೋದು ಎರಿಥ್ರಿಟಾಲ್, ಅದೇ ಹೆಚ್ಚಿನ ಪಾಲು. ಗ್ಲೂಕೋಸನ್ನ ಹುದುಗಿಸಿ ಕಾರ್ಖಾನೆಯಲ್ಲಿ ಮಾಡೋ ಪುಡಿ ಅದು. ಎಲೆಯಿಂದ ಬಂದಿದ್ದರ ಹೆಸರು ಅದಾದ ಮೇಲೆ. ಅಂಗಡಿ ಹುಡುಗನಿಗೆ ತೋರಿಸಿ, 'ಇದೇನಪ್ಪ?' ಅಂದೆ. 'ಗಿಡದ್ದೇ ಸಾರ್, ಹಿಂದೆ ಯಾರೂ ಓದಲ್ಲ' ಅಂದ.